ಪಾಲಿನ ದಾವೆ ಗೆದ್ದರೂ ಜಮೀನು ಕೈಗೆ ಬರುವುದಿಲ್ಲವೇಕೆ?

ಮಾನ್ಯ ಸಂಪಾದಕರೇ,

ದಾವೆ ಡಿಕ್ರಿ ಆಯಿತು, ನಿಮಗೆ ನಾಲ್ಕನೇ ಒಂದು ಪಾಲು ಬಂತು ಎಂದು ವಕೀಲರು ಹೇಳಿದ ದಿನ ಮನೆಯವರು ಎಲ್ಲ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಪಹಣಿ ತೆಗೆಸಿದರೆ ಅದೇ ಜಂಟಿ ಹೆಸರುಗಳು. ಹೊಲದಲ್ಲಿ ಮೊದಲಿನಿಂದ ಸ್ವಾಧೀನದಲ್ಲಿದ್ದವರೇ ಉಳುತ್ತಿರುತ್ತಾರೆ. ಬಂದದ್ದು ಪ್ರಾಥಮಿಕ ಡಿಕ್ರಿ ಮಾತ್ರ. ಯಾರಿಗೆ ಎಷ್ಟು ಎಂದು ಅದು ಹೇಳುತ್ತದೆ. ಬಾವಿ ಯಾರ ಕಡೆಗೆ, ದಾರಿ ಎಲ್ಲಿಂದ, ರಸ್ತೆಗೆ ತಾಗಿದ ತುಂಡು ಯಾರಿಗೆ ಎಂಬ ನಿಜವಾದ ಜಗಳ ಹಾಗೇ ಉಳಿಯುತ್ತದೆ. ಅದನ್ನು ಬಗೆಹರಿಸಲು ಅಂತಿಮ ಡಿಕ್ರಿ ಬೇಕು. ಅದಕ್ಕೆಂದು ಮತ್ತೊಂದು ಅರ್ಜಿ, ಮತ್ತೊಂದು ಎಫ್‌ಡಿಪಿ (ಅಂತಿಮ ಡಿಕ್ರಿ ಪ್ರಕ್ರಿಯೆ) ಸಂಖ್ಯೆ, ಎಲ್ಲರಿಗೂ ಮತ್ತೆ ನೋಟಿಸು ಎಂಬುದು ಬಹುಕಾಲದಿಂದ ನಡೆದುಬಂದ ರೂಢಿ.

ಈ ಎರಡನೇ ಸುತ್ತು ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಶುಭಕರಣ್ ಬುಬ್ನಾ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿತ್ತು. 2022ರ ಜೂನ್‌ನಲ್ಲಿ, ಕೇರಳದ ಕಟ್ಟುಕಂಡಿ ಕುಟುಂಬದ ಪ್ರಕರಣದಲ್ಲಿ, ಅದನ್ನೇ ನಿರ್ದೇಶನವನ್ನಾಗಿ ಮಾಡಿತು: ಪ್ರಾಥಮಿಕ ಡಿಕ್ರಿಯಾದ ಕೂಡಲೇ ವಿಚಾರಣಾ ನ್ಯಾಯಾಲಯ ತಾನಾಗಿಯೇ ಮುಂದಿನ ದಿನಾಂಕ ಕೊಟ್ಟು ಅಂತಿಮ ಡಿಕ್ರಿಯತ್ತ ಸಾಗಬೇಕು, ಕಕ್ಷಿದಾರರು ಬೇರೆ ಅರ್ಜಿ ಹಾಕುವವರೆಗೆ ಕಾಯಬಾರದು. ಪಾಲಿನ ದಾವೆ ಹಾಕಿದ ಎಷ್ಟು ಮಂದಿಗೆ ಇದು ಗೊತ್ತಿದೆ? ತಮ್ಮ ವಕೀಲರನ್ನು ಇದರ ಬಗ್ಗೆ ಕೇಳಬೇಕೆಂದೂ ಅನೇಕರಿಗೆ ತೋಚಿರುವುದಿಲ್ಲ.

ತಡವಾದಷ್ಟೂ ಲಾಭ ಸ್ವಾಧೀನದಲ್ಲಿ ಇರುವವರಿಗೆ. ಬೆಳೆಯೂ ಬಾಡಿಗೆಯೂ ಅವರದೇ. ನಷ್ಟ ಹೊರಗಿದ್ದವರಿಗೆ, ಮುಖ್ಯವಾಗಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು, ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿಯ ಹಂತದಲ್ಲಿ ಅವಳಿಗೆ ಸಮಪಾಲು ಸಿಗಬೇಕು ಎಂದು ಸುಪ್ರೀಂ ಕೋರ್ಟ್‌ನ 2020ರ ಆಗಸ್ಟ್‌ನ ವಿನೀತಾ ಶರ್ಮಾ ತೀರ್ಪು ಹೇಳಿದೆ. ಹಕ್ಕು ಇಷ್ಟು ಸ್ಪಷ್ಟವಾಗಿದ್ದೂ ಗಡಿಕಲ್ಲು ನೆಡುವವರಿಲ್ಲದೆ ಆಕೆ ಕಾಯುತ್ತಲೇ ಇರುವುದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ. ಈ ನಡುವೆ ಒಬ್ಬ ಪಾಲುದಾರ ತೀರಿಕೊಂಡರೆ ವಾರಸುದಾರರನ್ನೆಲ್ಲ ದಾವೆಗೆ ಸೇರಿಸಬೇಕು. ಆಗ ನಾಲ್ಕು ಪಾಲು ಹನ್ನೊಂದಾಗುತ್ತದೆ.

ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನಿನ ಕಥೆ ಇನ್ನೂ ಉದ್ದ. ದಿವಾಣಿ ಪ್ರಕ್ರಿಯಾ ಸಂಹಿತೆಯ 54ನೇ ಕಲಂಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯ ಪ್ರಕಾರ ಅದನ್ನು ಭಾಗ ಮಾಡಿಕೊಡುವುದು ನ್ಯಾಯಾಲಯವೇ; ಬೇಕೆನಿಸಿದರೆ ತಹಶೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿಯ ಅಥವಾ ತಾನು ನೇಮಿಸಿದ ಕಮಿಷನರರ ವರದಿ ತರಿಸಿಕೊಳ್ಳುತ್ತದೆ. ಕಂದಾಯ ಅಧಿಕಾರಿಯ ವರದಿ ಕೇಳಿದರೆ ಕಡತ ನ್ಯಾಯಾಲಯದಿಂದ ಹೊರಟು ತಹಶೀಲ್ದಾರರ ಕಚೇರಿಗೆ, ಅಲ್ಲಿಂದ ಭೂಮಾಪಕರ ಬಳಿಗೆ ಹೋಗಿ ಅಳತೆ, ಪಾಲಿನಂತೆ ಸರ್ವೆ ನಂಬರು ಒಡೆಯುವ ಹಿಸ್ಸಾ, ಪೋಡಿ ಕೆಲಸ ಮುಗಿಸಿಕೊಂಡು ವಾಪಸ್ಸಾಗಬೇಕು. ಇಂಥ ಕಡತಗಳಿಗೆ ಸರ್ವೆ ಇಲಾಖೆ ಪ್ರತ್ಯೇಕ ಸರದಿ ಮಾಡಿ, ಅಳತೆಯ ದಿನಾಂಕವನ್ನು ಮೊದಲೇ ಎಲ್ಲ ಪಾಲುದಾರರಿಗೂ ತಿಳಿಸಬೇಕು.

ಮನೆ, ನಿವೇಶನಗಳ ತೊಡಕು ಬೇರೆ. ಮೂವತ್ತು-ನಲವತ್ತರ ನಿವೇಶನವನ್ನು ನಾಲ್ವರಿಗೆ ಹಂಚಿದರೆ ತಲಾ 300 ಚದರ ಅಡಿ. ಅದರಲ್ಲಿ ಯಾರೂ ನೆಟ್ಟಗೆ ಬಾಳಲಾರರು. ಇಂಥದ್ದಕ್ಕೆಂದೇ 1893ರ ವಿಭಾಗ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಹೊಂದಿದವರು ಒಬ್ಬರಾಗಿ ಇಲ್ಲವೇ ಸೇರಿ ಕೇಳಿದರೆ, ಹಂಚುವುದಕ್ಕಿಂತ ಮಾರುವುದೇ ಲೇಸೆಂದು ಕಂಡಲ್ಲಿ ನ್ಯಾಯಾಲಯ ಆಸ್ತಿಯನ್ನು ಮಾರಿ ಹಣ ಹಂಚಬಹುದು. ಮಾರುವುದು ಬೇಡವೆನ್ನುವ ಪಾಲುದಾರರು ನ್ಯಾಯಾಲಯ ಕಟ್ಟಿಸಿದ ಬೆಲೆಗೆ ಮಾರಾಟ ಕೇಳಿದವರ ಪಾಲನ್ನು ಕೊಳ್ಳಲೂಬಹುದು. ಕುಟುಂಬದ ಮನೆಯಲ್ಲಿ ಹೊರಗಿನವರೊಬ್ಬರು ಪಾಲು ಕೊಂಡು ವಿಭಾಗ ಕೇಳಿದರೆ, ಆ ಪಾಲನ್ನು ಕೊಂಡುಕೊಳ್ಳುವ ಅವಕಾಶ ಮನೆಯವರಿಗಿದೆ. ಇಷ್ಟು ಹಳೆಯ, ಇಷ್ಟು ಉಪಯುಕ್ತ ಕಾಯ್ದೆ ಇದ್ದೂ ನಡುಮನೆಗೆ ಅಡ್ಡಗೋಡೆ ಎಬ್ಬಿಸುವ ಹಟವೇ ಹೆಚ್ಚು.

ರಾಜಿಯೇ ಒಳ್ಳೆಯದು, ಒಪ್ಪುತ್ತೇನೆ. ಲೋಕ ಅದಾಲತ್‌ನ ಐತೀರ್ಪಿಗೆ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸ್ಸು ಬರುತ್ತದೆ. ಆದರೆ ರಾಜಿ ಪತ್ರದಲ್ಲೂ "ಸಮಪಾಲು" ಎಂದಷ್ಟೇ ಬರೆದು ಸಹಿ ಹಾಕಿದರೆ ಜಗಳ ಮತ್ತೆ ಬದುವಿಗೇ ಬಂದು ನಿಲ್ಲುತ್ತದೆ. ಪ್ರತಿ ಪಾಲಿನ ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ದಾರಿ ಮತ್ತು ನೀರಿನ ಹಕ್ಕು, ಜೊತೆಗೊಂದು ನಕ್ಷೆ ಇವಿಷ್ಟೂ ಆ ಕಾಗದದಲ್ಲಿ ಇರುವಂತೆ ನ್ಯಾಯಾಲಯಗಳೂ ವಕೀಲರೂ ನೋಡಿಕೊಳ್ಳಲಿ. ಅವಿಲ್ಲದ ರಾಜಿಗೆ ಪಾಲುದಾರರು ಸಹಿ ಹಾಕದಿರಲಿ.

ಇಂತಿ,
ಒಬ್ಬ ಓದುಗ