ಆಗಸ್ಟ್ 6ರ ಜಾಥಾ ಕುರಿತು ಪೋಷಕರಿಗೆ ಪತ್ರ

ಚಿತ್ರದುರ್ಗ
28-7-2025

ಮಾನ್ಯ ಪೋಷಕರೇ,

ನಮಸ್ಕಾರ. ನಮ್ಮ ದ್ವಿತೀಯ ಪಿಯುಸಿ ಮಕ್ಕಳು ಆಗಸ್ಟ್ 6ರ ಬುಧವಾರ ಹಿರೋಷಿಮಾ ದಿನ ಆಚರಿಸುತ್ತಿದ್ದಾರೆ. 1945ರಲ್ಲಿ ಜಪಾನಿನ ಆ ಊರಿನ ಮೇಲೆ ಅಮೆರಿಕ ಅಣುಬಾಂಬು ಹಾಕಿದ ದಿನ ಅದು. ಬೆಳಿಗ್ಗೆ ಗಾಂಧಿ ವೃತ್ತದವರೆಗೆ ಮೌನ ಜಾಥಾ, ಆಮೇಲೆ ಕಾಲೇಜಿನಲ್ಲಿ ವಸ್ತುಪ್ರದರ್ಶನ. ಸುದ್ದಿ ತಿಳಿದ ತಂದೆಯೊಬ್ಬರು ಕಳೆದ ವಾರ ನನ್ನ ಕೊಠಡಿಗೇ ಬಂದರು. "ಬಾಂಬ್ ಬ್ಯಾಡ ಅಂತ ಮೆರವಣಿಗೆ ಹೋದ್ರೆ ನಾಳೆ ಚಳ್ಳಕೆರೆ ಡಿಆರ್‌ಡಿಒದಾಗೆ ನನ್ನ ಮಗನ್ನ ಕೆಲ್ಸಕ್ಕೆ ತಗಂತಾರಾ ಸಾರ್?" ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುವವರೂ ಇದ್ದೀರಿ ಎಂದು ಈ ಪತ್ರ.

ಆ ಅಂಜಿಕೆ ಸುಳ್ಳಲ್ಲ. ಚಳ್ಳಕೆರೆ ಕಡೆಯ ಹುಲ್ಲುಗಾವಲಿನ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆಯ ಸಂಸ್ಥೆಯಾದ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಜಾಗ ಕೊಟ್ಟ ಮೇಲೆ ವಿಜ್ಞಾನ ತೆಗೆದುಕೊಂಡ ಮಕ್ಕಳ ಕಣ್ಣು ಅತ್ತಲೇ. ಇರಲಿ, ಒಳ್ಳೆಯದೇ. ಆದರೆ ಅಣ್ವಸ್ತ್ರ ಬೇಡ ಎನ್ನುವುದು ದೇಶದ ವಿರುದ್ಧದ ಮಾತಲ್ಲ. 1954ರಲ್ಲಿ ಅಣು ಪರೀಕ್ಷೆಗಳನ್ನು ನಿಲ್ಲಿಸಿ ಎಂದವರು ನೆಹರೂ. 1988ರಲ್ಲಿ ವಿಶ್ವಸಂಸ್ಥೆಯ ಮುಂದೆ ನಿಶ್ಶಸ್ತ್ರೀಕರಣದ ಯೋಜನೆ ಇಟ್ಟವರು ರಾಜೀವ್ ಗಾಂಧಿ. ಪಾಕಿಸ್ತಾನದೊಡನೆ ಮಾತುಕತೆಯೇ ಇಲ್ಲದ ವರ್ಷಗಳಲ್ಲೂ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣು ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಅವುಗಳ ಮೇಲೆ ದಾಳಿ ಮಾಡುವುದಿಲ್ಲ ಎಂಬ ಒಪ್ಪಂದದಂತೆ 1992ರಿಂದ ಇದು ತಪ್ಪಿಲ್ಲ.

ನಾನು ಭೌತಶಾಸ್ತ್ರದ ಮೇಷ್ಟ್ರು. ಅಣುಬಾಂಬಿಗೆ ಶಕ್ತಿ ಕೊಡುವ ವಿದಳನ ಕ್ರಿಯೆಯನ್ನು, ಅಂದರೆ ಪರಮಾಣುವಿನ ಬೀಜ ಒಡೆಯುವುದನ್ನು, ಬೋರ್ಡಿನ ಮೇಲೆ ಬರೆದು, "ಪರೀಕ್ಷೆಗೆ ಬರುತ್ತೆ, ಗುರುತು ಹಾಕ್ಕೊಳ್ಳಿ" ಎಂದು ಪ್ರತಿ ವರ್ಷ ಮುಂದೆ ಹೋಗಿದ್ದೇನೆ. ಈ ಸಲ ಮಕ್ಕಳು ಹೋಗಗೊಡಲಿಲ್ಲ. ಹಿರೋಷಿಮಾದ ಬಾಂಬು ಸುಮಾರು 15,000 ಟನ್ ಟಿಎನ್‌ಟಿ ಎಂಬ ಸಿಡಿಮದ್ದಿಗೆ ಸಮ ಎಂದೆ. ಈರುಳ್ಳಿ ವ್ಯಾಪಾರಿಯ ಮಗಳೊಬ್ಬಳು ಕೂತಲ್ಲೇ ಲೆಕ್ಕ ಹಾಕಿದಳು: ಹತ್ತು ಟನ್ ಲೋಡಿನ ಲಾರಿಗಳಾದರೆ 1,500. ಹತ್ತು ಮೀಟರಿಗೊಂದು ನಿಲ್ಲಿಸಿದರೆ 15 ಕಿಲೋಮೀಟರ್, ಅಂದರೆ ಚಳ್ಳಕೆರೆಯ ಅರ್ಧ ದಾರಿ. ಅಷ್ಟು ಮದ್ದಿನ ಕೆಲಸ ಮಾಡಿದ್ದು ಒಂದು ಕಿಲೋ ಕೂಡ ತೂಗದಷ್ಟು ಯುರೇನಿಯಂ. 1945 ಮುಗಿಯುವಷ್ಟರಲ್ಲಿ ಆ ಒಂದೇ ಊರಲ್ಲಿ ಸತ್ತವರು ಸುಮಾರು 1,40,000. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಜಾಥಾದ ಯೋಚನೆ ಹುಟ್ಟಿದ್ದು ಅಲ್ಲಿ, ನನ್ನಿಂದಲ್ಲ.

ಅವರು ಹೇಳುವುದಕ್ಕೆಲ್ಲ ನಾನು ಒಪ್ಪಿದ್ದೇನೆ ಎಂದೂ ಅಲ್ಲ. ಅಣ್ವಸ್ತ್ರ ನಿಷೇಧದ 2017ರ ಒಪ್ಪಂದಕ್ಕೆ ಭಾರತ ಸಹಿ ಹಾಕಬೇಕೆಂದು ಕೆಲವರು ಪ್ರಧಾನಿಗೆ ಪತ್ರ ಬರೆಯುತ್ತಿದ್ದಾರೆ. ಅಣ್ವಸ್ತ್ರವಿರುವ ಒಂದು ದೇಶವೂ ಅದಕ್ಕೆ ಸಹಿ ಹಾಕಿಲ್ಲ. ಅಕ್ಕಪಕ್ಕದ ಎರಡು ದೇಶಗಳ ಕೈಯಲ್ಲಿ ಬಾಂಬಿರುವಾಗ ನಾವೊಬ್ಬರೇ ಬಿಡುವುದು ಹೇಗೆ ಎಂದು ಕೇಳಿದೆ. "ಮೊದಲು ಯಾರಾದರೂ ಬಿಡಬೇಕಲ್ಲ ಸಾರ್" ಎಂದರು. ಇಬ್ಬರದೂ ಪೂರ್ತಿ ಉತ್ತರವಲ್ಲ. ಪತ್ರ ಅವರವರ ಇಷ್ಟ, ಅದರ ಮೇಲೆ ಕಾಲೇಜಿನ ಮೊಹರು ಇರುವುದಿಲ್ಲ.

ಜಾಥಾದಲ್ಲಿ ಘೋಷಣೆ, ಪಕ್ಷದ ಬಾವುಟ ಯಾವುದೂ ಇಲ್ಲ. ಉಪನ್ಯಾಸಕರು ಜೊತೆಗಿರುತ್ತಾರೆ. ಬಾರದ ಮಕ್ಕಳ ಹಾಜರಾತಿಗೆ ತೊಂದರೆಯಿಲ್ಲ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶನಿವಾರದೊಳಗೆ ಕಳಿಸಿ. ವಿಕಿರಣದಿಂದ ರಕ್ತದ ಕ್ಯಾನ್ಸರ್ ಬಂದು 12ನೇ ವಯಸ್ಸಿಗೆ ತೀರಿಕೊಂಡ ಸಡಾಕೊ ಎಂಬ ಹುಡುಗಿ ಮಡಚಿದಂಥ ಕಾಗದದ ಕೊಕ್ಕರೆಗಳನ್ನು ಮಕ್ಕಳು ಮಾಡುತ್ತಿದ್ದಾರೆ, ಕಾಗದ ಸಾಲುತ್ತಿಲ್ಲ. ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಇದ್ದರೆ ಚೀಟಿಯ ಜೊತೆಗೇ ಕೊಟ್ಟು ಕಳಿಸಿ.

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು