ಶೀಟಿನ ಕೆಳಗೆ ನಾಟಕ ಕೇಳಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಅನ್ನೋ ರಂಗಮಂದಿರದ ಬಗ್ಗೆ ಪೇಪರಲ್ಲಿ ಏನೇ ಬಂದ್ರೂ ಬಿಡದೆ ಓದೋನು ನಾನು, ಯಾಕಂದ್ರೆ ಕೆಲಸದ ಮೇಲೆ ಆ ಊರಲ್ಲಿದ್ದ ಹನ್ನೊಂದು ವರ್ಷ ನನ್ನ ಭಾನುವಾರಗಳೆಲ್ಲ ಹೆಚ್ಚುಕಮ್ಮಿ ಅಲ್ಲೇ ಕಳೆದಿದ್ದು. ಈಗ ಊರಿಗೆ ಬಂದು ಮಡಿಕೇರಿ ಹತ್ರ ತೋಟ ನೋಡ್ಕೊಂಡಿದ್ದೀನಿ. ಇಲ್ಲಿ ನಾಟಕ ನೋಡೋಕೆ ಕೂತಾಗೆಲ್ಲ ಆ ಬಿಲ್ಡಿಂಗ್ ನೆನಪಾಗತ್ತೆ, ಹೊಟ್ಟೆನೂ ಉರಿಯತ್ತೆ.

ಹೋದ ವರ್ಷ ಕಕ್ಕಡದ ಟೈಮಲ್ಲಿ, ಅಂದ್ರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ನಮ್ಮ ಕಡೆ ಒಂದು ಭವನದಲ್ಲಿ ನಾಟಕ ಇತ್ತು, ಯಾವುದು ಅಂತ ಹೇಳಲ್ಲ, ಮೇಲೆ ಶೀಟ್, ಕೆಳಗೆ ಟೈಲ್ಸ್, ಪ್ಲಾಸ್ಟಿಕ್ ಚೇರು, ಮದುವೆಗೂ ಅದೇ, ಸಹಕಾರ ಸಂಘದ ಮಹಾಸಭೆಗೂ ಅದೇ. ಮೊದಲನೇ ದೃಶ್ಯ ಮುಗಿಯೋ ಹೊತ್ತಿಗೆ ಮಳೆ ಶುರುವಾಯ್ತು. ನಮ್ಮ ಮಳೆ ಗೊತ್ತಲ್ಲ ನಿಮಗೆ, ಶೀಟ್ ಮೇಲೆ ಯಾರೋ ಲೋಡುಗಟ್ಟಲೆ ಜಲ್ಲಿ ಸುರಿದ ಹಾಗೆ. ತಾಯಿ ಪಾತ್ರದ ಹೆಂಗಸು ಗಂಟಲು ಹರಿಯೋ ಹಾಗೆ ಕೂಗ್ತಿದ್ದಾರೆ, ಬಾಯಿ ಆಡೋದು ಬಿಟ್ರೆ ನಮಗೆ ಏನೂ ಗೊತ್ತಾಗ್ತಿಲ್ಲ. ಕೊನೇಲಿ ಮಗ ಸತ್ತು ಬೀಳ್ತಾನೆ, ನೆಲ ಫ್ಲಾಟ್ ನೋಡಿ, ಐದನೇ ಸಾಲಿಂದ ಹಿಂದಿನವರಿಗೆ ಹೆಣ ಕಾಣಲ್ಲ, ಎಲ್ಲ ಎದ್ದು ನಿಂತ್ರು, ಅವರ ಹಿಂದಿನವರು ಚೇರ್ ಮೇಲೆ ಹತ್ತಿದ್ರು. ಪಕ್ಕದಲ್ಲಿದ್ದ ಅಜ್ಜಿ ಒಬ್ರು, ಯಾರು ಮೋನೆ (ಮಗನೇ) ಸತ್ತದ್ದು, ಅಂತ ನನ್ನನ್ನ ಕೇಳಿದ್ರು. ನಂಗೂ ಸರಿಯಾಗಿ ಗೊತ್ತಿರಲಿಲ್ಲ.

ಕಲಾಕ್ಷೇತ್ರದ ವಿಷಯಕ್ಕೆ ಬರ್ತೀನಿ. ರವೀಂದ್ರನಾಥ ಟ್ಯಾಗೋರ್ ಹುಟ್ಟಿದ್ದು 1861ರಲ್ಲಿ, ಅದರ ಶತಮಾನೋತ್ಸವದ ನೆಪದಲ್ಲಿ ದೇಶದ ಬೇರೆಬೇರೆ ರಾಜಧಾನಿಗಳಲ್ಲಿ ಅವರ ಹೆಸರಿನ ರಂಗಮಂದಿರಗಳು ಎದ್ದವು, ಹೈದರಾಬಾದಿನ ರವೀಂದ್ರ ಭಾರತಿ, ಕೋಲ್ಕತ್ತದ ರವೀಂದ್ರ ಸದನ ಎಲ್ಲ ಹಾಗೇ ಬಂದಿದ್ದು. ನಮ್ಮದು ಶುರುವಾಗಿದ್ದು 1963ರಲ್ಲಿ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದ್ರೆ ಪುಟ್ಟಣ್ಣ ಚೆಟ್ಟಿ ಟೌನ್‌ಹಾಲ್, 1935ರದ್ದು, ಮುಂದೆ ಸಾಲಾಗಿ ದಪ್ಪ ಕಂಬ, ಅಗಲ ಮೆಟ್ಟಿಲು, ನೋಡೋಕೆ ಬಹಳ ಗಾಂಭೀರ್ಯ. ಆದ್ರೆ ಅದು ಸಭೆಗೆ ಅಂತ ಕಟ್ಟಿದ್ದು, ಪ್ರತಿಭಟನೆಗೆ ಜನ ಬಹಳ ವರ್ಷ ಸೇರ್ತಿದ್ದಿದ್ದೂ ಅದರ ಮೆಟ್ಟಿಲ ಮೇಲೇ. ಕಲಾಕ್ಷೇತ್ರ ನಾಟಕ, ನೃತ್ಯ, ಸಂಗೀತಕ್ಕೆ ಅಂತಲೇ ಕಟ್ಟಿದ್ದು. ಕಂಬ ನೋಡ್ಬೇಡಿ, ಒಳಗೆ ಹೋಗಿ ಕೂತು ನೋಡಿ, ಸೀಟಿನ ಸಾಲು ಹಿಂದೆ ಹೋದ ಹಾಗೆ ಮೇಲೇರತ್ತೆ, ಮುಂದಿನವರ ತಲೆ ನಮ್ಮ ಎದೆ ಮಟ್ಟಕ್ಕೆ ಬರತ್ತೆ, ಸ್ಟೇಜಿನ ಎರಡೂ ಕಡೆ ವಿಂಗ್ ಇದೆ, ನಟರು ಕಾಣದ ಹಾಗೆ ನಿಲ್ಲೋಕೆ, ಸೆಟ್ ತಳ್ಳೋಕೆ ಜಾಗ ಇದೆ. ಇಷ್ಟೇ ರೀ. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಅಲ್ಲೂ ಕಂಪ್ಲೇಂಟ್ ಇಲ್ಲ ಅಂತಲ್ಲ, ಮೈಕ್ ಸರಿ ಇಲ್ಲ, ಟಾಯ್ಲೆಟ್ ಸರಿ ಇಲ್ಲ ಅಂತ ನಾವೂ ಎಷ್ಟೋ ಸಲ ಗೊಣಗಿದ್ದೀವಿ.

ಕಲಾಕ್ಷೇತ್ರದ ಹಿಂಭಾಗದ ಕಥೆ ಮುಂಭಾಗದ್ದಕ್ಕಿಂತ ಚೆನ್ನಾಗಿದೆ. 1972ರಲ್ಲಿ ನಾಟಕ ನಿರ್ದೇಶಕ ಬಿ.ವಿ. ಕಾರಂತರು ಒಳಗಿನ ಸ್ಟೇಜ್ ಬಿಟ್ಟು ಹಿಂದಿನ ಬಯಲಲ್ಲಿ ಈಡಿಪಸ್, ಸಂಕ್ರಾಂತಿ, ಜೋಕುಮಾರಸ್ವಾಮಿ ಆಡಿಸಿದ್ರು, ಕನ್ನಡದ ಹವ್ಯಾಸಿ ರಂಗಭೂಮಿ ದಿಕ್ಕೇ ಬದಲಾಯ್ತು ಅಂತ ಈಗಲೂ ಹೇಳ್ತಾರೆ. ಈಗ ಅಲ್ಲಿ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ ಇದೆ. ನಾನು ಹೋಗೋ ಹೊತ್ತಿಗೆ ಅದೆಲ್ಲ ಹಳೇ ಕಥೆ, ಆದ್ರೂ ಆ ಮೆಟ್ಟಿಲ ಮೇಲೆ ಪೇಪರ್ ಹಾಸ್ಕೊಂಡು ಕೂತು ಶೋ ಮುಗಿಯೋ ಹೊತ್ತಿಗೆ ಸೊಂಟ ಹಿಡ್ಕೊಂಡು ಎದ್ದಿದ್ದೀನಿ.

ಶಂಕರ್ ನಾಗ್ ನೆನಪಲ್ಲಿ 2004ರಲ್ಲಿ ಬೆಂಗಳೂರಲ್ಲೇ ಶುರುವಾದ ರಂಗಶಂಕರ ಅನ್ನೋ ರಂಗಮಂದಿರ ಕಲಾಕ್ಷೇತ್ರಕ್ಕಿಂತ ಚಿಕ್ಕದು. ಆದ್ರೆ ಅಲ್ಲಿ ಹಿಂದಿನ ಸಾಲಲ್ಲಿ ಕೂತ್ರೂ ನಟನ ಕಣ್ಣು ಕಾಣತ್ತೆ, ಮೈಕೇ ಬೇಡ, ಲೇಟಾಗಿ ಹೋದ್ರೆ ಒಳಗೆ ಬಿಡಲ್ಲ. ಆ ಒಂದು ರೂಲ್ ಇಲ್ಲಿ ತಂದ್ರೆ ಅರ್ಧ ಹಾಲ್ ಖಾಲಿ, ಅದು ಬೇರೆ ಮಾತು.

ನಮ್ಮೂರಲ್ಲಿ ನೋಡೋರಿಲ್ಲ ಅಂತ ಮಾತ್ರ ಯಾರೂ ಹೇಳ್ಬೇಡಿ. ಹರದಾಸ ಅಪ್ಪಚ್ಚ ಕವಿಗಳು ಕೊಡವ ಭಾಷೇಲಿ ಯಯಾತಿಯ ನಾಟಕ ಬರೆದಿದ್ದು 1906ರಲ್ಲಿ, ಕಲಾಕ್ಷೇತ್ರಕ್ಕಿಂತ ಐವತ್ತೇಳು ವರ್ಷ ಮುಂಚೆ. ಮಡಿಕೇರಿ ದಸರಾದಲ್ಲಿ ದಶಮಂಟಪ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ನೋಡೋಕೆ ಚಳೀಲಿ ಬೆಳಗಾಗೋವರೆಗೆ ನಿಲ್ತಾರೆ ಜನ, ಲೈಟು, ಸೌಂಡು, ಅಲುಗಾಡೋ ಅಸುರ, ಅದೂ ನಾಟಕ ಅಲ್ದೆ ಮತ್ತೇನು? ದಸರಾ ಕಾರ್ಯಕ್ರಮಕ್ಕೆ ಗಾಂಧಿ ಮೈದಾನದಲ್ಲಿ ವೇದಿಕೆ ಉಂಟು, ಸರಿ, ಜೂನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಏನು ಮಾಡೋಕಾಗತ್ತೆ ಮಾರಾಯ್ರೆ, ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಹೆಚ್ಚುಕಮ್ಮಿ 1000 ಮಿ.ಮೀ. ಮಳೆ, ಮಡಿಕೇರಿಗೆ 3000 ದಾಟತ್ತೆ. ಸಂಸದಂಥ ಬಯಲು ರಂಗಮಂದಿರ ಅಲ್ಲಿಗೆ ಸರಿ, ಇಲ್ಲಿಗಲ್ಲ. ಇಲ್ಲಿಗೆ ಮುಚ್ಚಿದ ಹಾಲೇ ಬೇಕು, ಆದ್ರೆ ಮಳೆ ಸದ್ದು ಒಳಗೆ ಬರದ ಹಾಲು.

ಜಿಲ್ಲೇಲಿ ಎಲ್ಲೇ ಹೊಸ ಭವನ ಕಟ್ಟೋ ಮಾತು ಬಂದ್ರೂ ಮೊದಲು ಕಾರ್ ಪಾರ್ಕಿಂಗ್, ಊಟದ ಹಾಲ್, ಎದುರಿಗೆ ಕಮಾನು, ಇದೇ ಚರ್ಚೆ. ನನ್ನ ಕೇಳಿಕೆ ಇಷ್ಟು: ಕಮಾನು ಬೇಡ. ಆ ದುಡ್ಡಲ್ಲಿ ಕಾಂಕ್ರೀಟ್ ತಾರಸಿ ಹಾಕಿ, ಶೀಟೇ ಗತಿ ಅಂದ್ರೆ ಕೆಳಗೆ ಸದ್ದು ತಡೆಯೋ ಸೀಲಿಂಗ್ ಆದ್ರೂ ಕೊಡಿ, ನೆಲಕ್ಕೆ ಇಳಿಜಾರು ಕೊಡಿ, ಸ್ಟೇಜಿನ ಎರಡೂ ಪಕ್ಕ ಜಾಗ ಬಿಡಿ, ಹೆಂಗಸರು ಬಟ್ಟೆ ಬದಲಾಯಿಸೋ ರೂಮಿಗೆ ಒಳಗಿಂದ ಚಿಲಕ ಇರೋ ಬಾಗಿಲು ಇಡಿ. ಪ್ಲಾನ್ ಫೈನಲ್ ಮಾಡೋ ಮುಂಚೆ ಇಲ್ಲಿ ನಾಟಕ ಆಡಿಸೋ ನಾಲ್ಕು ಜನರನ್ನ ಕರೆದು ಕೇಳಿ. ಮೀಟಿಂಗನ್ನ ಜುಲೈ ತಿಂಗಳಲ್ಲಿ, ಯಾವುದಾದ್ರೂ ಶೀಟ್ ಹಾಕಿದ ಭವನದಲ್ಲೇ ಇಟ್ಕೊಂಡ್ರೆ ಇನ್ನೂ ಒಳ್ಳೇದು.

ಇಂತಿ,
ಒಬ್ಬ ಓದುಗ, ಮಡಿಕೇರಿ ತಾಲೂಕು