ಬಯ್ದರೆ ಬೀಡಿ ಬಿಡಿಸಲು ಆಗದು

ಮಾನ್ಯ ಸಂಪಾದಕರೇ,

21 ವರ್ಷದೊಳಗಿನವರಿಗೆ ತಂಬಾಕು ಮಾರಬಾರದು ಎಂದು ನಮ್ಮ ರಾಜ್ಯದಲ್ಲಿ ಕಾನೂನು ಬಿಗಿಯಾಗಿದೆ. ಒಳ್ಳೆಯದೇ. ಆದರೆ ಇಪ್ಪತ್ತು ಮೂವತ್ತು ವರ್ಷದಿಂದ ಸೇದುತ್ತಿರುವವರ ಪಾಡೇನು?

‘ಮನಸ್ಸು ಮಾಡಿದರೆ ಬಿಡಬಹುದು’ ಎಂದು ಸುಮ್ನೆ ಹೇಳುವುದು ಸುಲಭ. ಒಂದು ದಮ್ ಎಳೆದ ಕೆಲವೇ ಸೆಕೆಂಡಿನಲ್ಲಿ ತಂಬಾಕಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಮೆದುಳು ತಲುಪುತ್ತದೆ, ವರ್ಷಗಟ್ಟಲೆ ಹೀಗೇ ನಡೆದರೆ ಬೆಳಗಿನ ಕಾಫಿ, ಊಟ, ಬಸ್ಸಿಗೆ ಕಾಯುವ ಹೊತ್ತು ಎಲ್ಲಕ್ಕೂ ಆ ಚಟ ಅಂಟಿಕೊಂಡುಬಿಡುತ್ತದೆ. ಬಿಟ್ಟ ಮೊದಲ ಕೆಲವು ದಿನ ತುಂಬಾ ಕಷ್ಟ. ನಿದ್ದೆ ಕೆಡುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ, ಕೆಲಸದಲ್ಲಿ ಗಮನ ನಿಲ್ಲುವುದಿಲ್ಲ. ಮನೆಯವರು ತಾಳ್ಮೆಯಿಂದ ಜೊತೆಗಿರಬೇಕಾದದ್ದು ಆಗಲೇ ಅಲ್ವಾ? ಮತ್ತೆ ಸೇದಿದರೂ ದಯವಿಟ್ಟು ಹಂಗಿಸಬೇಡಿ, ಬಿಟ್ಟವರಲ್ಲಿ ಬಹಳ ಜನ ಹಲವು ಸಲ ಪ್ರಯತ್ನಿಸಿಯೇ ಬಿಟ್ಟಿದ್ದಾರೆ.

ಬಿಡಬೇಕು ಎನ್ನುವವರು ಪೊಟ್ಟಣದ ಮೇಲೆ ಅಚ್ಚಾಗಿರುವ ತಂಬಾಕು ಬಿಡಿಸುವ ಸಹಾಯವಾಣಿಯ 1800-11-2356 ಉಚಿತ ಸಂಖ್ಯೆಗೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಸೇದುವ ಆಸೆ ತಗ್ಗಿಸಲು ಜಗಿಯುವ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಬೀಡಿ ಕಟ್ಟು ಅಗ್ಗ, ಗಮ್ ದುಬಾರಿ. ಕೂಲಿ ಮಾಡುವವರು ಯಾವುದನ್ನು ಕೊಳ್ಳುತ್ತಾರೆ ಹೇಳಿ?

ಹಾಗಾಗಿ ಆರೋಗ್ಯ ಇಲಾಖೆಗೆ ನನ್ನದೊಂದು ಕೋರಿಕೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡುವಾಗಲೇ ‘ಬಿಡಬೇಕು ಅನಿಸಿದೆಯಾ, ಎಲ್ಲಿ ಕಷ್ಟ ಆಗುತ್ತಿದೆ’ ಎಂದು ಪ್ರೀತಿಯಿಂದ ಕೇಳಲಿ, ಗಮ್ ಪುಕ್ಕಟೆ ಕೊಡಲಿ, ವಾರ ಬಿಟ್ಟು ಮತ್ತೆ ಕರೆದು ವಿಚಾರಿಸಲಿ.

ಒಬ್ಬ ಓದುಗ, ಹಾಸನ